ಕಡಲತಡಿಯ ಮನೆಯ ಒಡೆತನ



ಪೂರ್ವ ಆಫ್ರಿಕೆಯ ಕೀನ್ಯಾ ದೇಶದ ಕರಾವಳಿಯಲ್ಲಿ ಲಾಮು ಎಂಬ ದ್ವೀಪವಿದೆ. ಅಲ್ಲಿಯ ಹಳೆಯ ಪಟ್ಟಣವನ್ನು ಯುನೆಸ್ಕೊ ಸಂಸ್ಥೆಯು 2001ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಅಂಗೀಕರಿಸಿತು. ಆ ಪಟ್ಟಣದಲ್ಲಿಯೂ ನೆರೆಯ ಶೇಲಾ ಗ್ರಾಮದಲ್ಲಿಯೂ ಪುರಾತನ ಸ್ವಾಹಿಲಿ ಸೌಧಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಕೊಳ್ಳುವವರಲ್ಲಿ ಯುರೋಪಿನ ಸಿರಿವಂತರೂ ಇದ್ದಾರೆ. ಹಿರಿಯರು ಬಾಳಿದ ಮನೆಯನ್ನು ಮಾರಬಹುದೇ ಎಂದು ಭಕ್ತರು ಕೇಳುವುದುಂಟು. ಆ ಪ್ರಶ್ನೆಯನ್ನು ಲಾಮುವಿನ ಮನೆಯ ನಿಮಿತ್ತದಿಂದ ವಿಚಾರಿಸುವುದು ಲೇಸು; ಅಲ್ಲಿ ನಮ್ಮ ಮಮಕಾರ ಅಡ್ಡಬರುವುದಿಲ್ಲ.

ಆ ಮನೆಯ ರಚನೆಯನ್ನು ಮೊದಲು ತಿಳಿಯಬೇಕು. ಗೋಡೆಗಳು ಹವಳದ ಕಲ್ಲಿನವು. ಹವಳವನ್ನೇ ಸುಟ್ಟು ಮಾಡಿದ ಸುಣ್ಣವೇ ಗಾರೆ. ಸಮುದ್ರದಿಂದ ತೆಗೆದ ಹಸಿ ಹವಳವು ಮೃದುವಾಗಿರುವುದರಿಂದ ಅದನ್ನು ಒಡನೆಯೇ ಕೆತ್ತುತ್ತಾರೆ. ಒಣಗಿದ ಮೇಲೆ ಅದು ಗಟ್ಟಿಯಾಗುತ್ತದೆ. ಮಾಳಿಗೆಗೆ ಬೋರಿತಿ ಎಂಬ ಕಾಂಡ್ಲಾ ಮರದ ತೊಲೆಗಳು. ಈ ತೊಲೆಯ ಉದ್ದವೇ ಕೋಣೆಯ ಅಗಲವನ್ನು ನಿಯಮಿಸುತ್ತದೆ. ಆದ್ದರಿಂದ ಎಷ್ಟೇ ದೊಡ್ಡ ಧನಿಕನಾದರೂ ಅವನ ಕೋಣೆ ಸಾಮಾನ್ಯವಾಗಿ 3 ಮೀಟರಿಗಿಂತ ಅಗಲವಾಗುತ್ತಿರಲಿಲ್ಲ. ಉದ್ದಕ್ಕೆ ಬೆಳೆಸಬಹುದಿತ್ತು, ಅಗಲಕ್ಕೆ ಇಲ್ಲ. ಸಂಪತ್ತಿಗೆ ಒಂದು ಮರವು ಹಾಕಿದ ಈ ಮಿತಿ ನನಗೆ ಬಹಳ ಹಿಡಿಸಿತು. ಅತ್ಯಂತ ಒಳಗಿನ ಕೋಣೆಯ ಗೋಡೆಯಲ್ಲಿ ಸಾಲುಸಾಲಾಗಿ ಜಿದಾಕಾ ಎಂಬ ಸುಣ್ಣದ ಗೂಡುಗಳು. ಅವುಗಳಲ್ಲಿ ಚೀನಾದಿಂದ ಹಡಗಿನಲ್ಲಿ ಬಂದ ಪಿಂಗಾಣಿ. ಹೆರಿಗೆ ಆಗುತ್ತಿದ್ದುದು ಮನೆಯ ಆ ಒಳಭಾಗದಲ್ಲಿಯೇ.

ಇದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದಿದೆ. ಲಾಮುವಿನ ಸಿರಿವಂತ ಮನೆತನಗಳಲ್ಲಿ ತಂದೆಯು ಮಗಳ ಮದುವೆಗೆ ಮನೆಯನ್ನೋ ಮನೆಯ ಒಂದು ಅಂತಸ್ತನ್ನೋ ಕೊಡುವ ರೂಢಿಯಿತ್ತು. ಅಳಿಯನು ಆ ಮನೆಗೆ ಬಂದು ಸೇರುತ್ತಿದ್ದನು. ಮನೆಯೆಂದರೆ ಅಲ್ಲಿ ಕೊಡುವುದಕ್ಕಾಗಿ ಕಟ್ಟಿದ ವಸ್ತು. ಬಾಗಿಲ ಮುಂದೆ ದಾಕಾ ಎಂಬ ಮುಖಮಂಟಪ, ಅದರ ಇಕ್ಕೆಲಗಳಲ್ಲಿ ಬರಾಜಾ ಎಂಬ ಕಲ್ಲಿನ ಜಗಲಿ. ಅತಿಥಿಯೂ ನೆರೆಯವನೂ ದಾರಿಹೋಕನೂ ಅಲ್ಲಿ ಕುಳಿತು ಮಾತನಾಡುತ್ತಿದ್ದರು. ಸ್ವಾಹಿಲಿ ಭಾಷೆಯಲ್ಲಿ ಬರಾಜಾ ಎಂಬ ಪದಕ್ಕೇ ಸಭೆ ಎಂಬ ಅರ್ಥ ಬಂದಿದೆ. ಮಂತ್ರಿಮಂಡಲವನ್ನೂ ಅದೇ ಪದದಿಂದ ಕರೆಯುತ್ತಾರೆ.

ಇಷ್ಟನ್ನು ಹೇಳಿ ಮನೆಯನ್ನು ಹೊಗಳಿ ಸುಮ್ಮನಾಗುವುದು ಸತ್ಯಕ್ಕೆ ಸಲ್ಲದು. ಈ ವೈಭವದ ಬುಡದಲ್ಲಿ ಮುಖ್ಯಭೂಮಿಯ ತೋಟಗಳಲ್ಲಿ ದುಡಿದ ಗುಲಾಮರ ಬೆವರಿದೆ. ಕೀನ್ಯಾದ ಕರಾವಳಿಯಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1907ರಲ್ಲಿ. ಕಾಯಕವನ್ನು ಪೂಜೆಯೆಂದು ತಿಳಿದ ನಾವು, ಬಲಾತ್ಕಾರದ ದುಡಿಮೆಯಿಂದ ಎದ್ದ ಗೋಡೆಯನ್ನು ಅದರ ಕೆತ್ತನೆಯೊಂದರಿಂದ ಅಳೆಯಲಾರೆವು. ಹಾಗೆಂದು ಆ ಗೋಡೆ ಬಿದ್ದುಹೋಗಲಿ ಎನ್ನುವುದೂ ನ್ಯಾಯವಲ್ಲ. ಕಲ್ಲು ಹೊತ್ತವರಿಗೆ ಬೇರೆ ಸ್ಮಾರಕವೆಲ್ಲಿದೆ?

ಮಾರುವವನನ್ನು ನಾನು ದೂಷಿಸಲಾರೆ. ಇಸ್ಲಾಮಿನ ಉತ್ತರಾಧಿಕಾರ ನಿಯಮದಂತೆ ಆಸ್ತಿಯು ಹಲವು ವಾರಸುದಾರರಿಗೆ ಸೇರುತ್ತದೆ. ಹವಳದ ಗೋಡೆಯನ್ನು ಪಾಲು ಮಾಡುವುದು ಹೇಗೆ? ಮಾಳಿಗೆಯ ಸುಣ್ಣ ಬಿರಿದು ನೀರಿಳಿದರೆ ತೊಲೆ ಕೊಳೆಯುತ್ತದೆ, ತೊಲೆ ಹೋದರೆ ಮನೆಯೇ ಹೋಗುತ್ತದೆ. ರಿಪೇರಿಗೆ ಹಣವಿಲ್ಲದವನು ಮಾರಿದರೆ ಅದು ಲೋಭವಲ್ಲ.

ಕೊಳ್ಳುವವನ ಮಾತು ಬೇರೆ. ಕೀನ್ಯಾದ 2010ರ ಸಂವಿಧಾನವು ಪರದೇಶೀಯರಿಗೆ ಭೂಮಿಯನ್ನು ಗುತ್ತಿಗೆಯ ಮೇಲೆ ಮಾತ್ರ, ಅದೂ 99 ವರ್ಷಗಳಿಗೆ ಮೀರದಂತೆ, ಹೊಂದಲು ಬಿಡುತ್ತದೆ. ಎಷ್ಟೇ ಹಣ ಸುರಿದರೂ ಅವನು ಆ ನೆಲದ ಒಕ್ಕಲು. ರಾಜ್ಯಾಂಗವು ವಿದೇಶೀಯನಿಗೆ ವಿಧಿಸಿದ ಈ ನಿಯಮವನ್ನು ದಾಸೋಹ ತತ್ತ್ವವು ಸ್ವದೇಶೀಯನಿಗೂ ವಿಧಿಸಿದೆ. ಪತ್ರದಲ್ಲಿ ವರ್ಷ ಬರೆದಿಲ್ಲ, ಅಷ್ಟೇ ವ್ಯತ್ಯಾಸ.

ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದ ಮೇಲೆ ಹಳೆಯ ಮನೆಗಾಗಿ ಚಿಂತೆಯೇಕೆ ಎಂದು ಕೆಲವರು ಕೇಳುತ್ತಾರೆ. ಇದು ತತ್ತ್ವವನ್ನು ಸೋಮಾರಿತನಕ್ಕೆ ಬಳಸಿದಂತೆ. ಲಾಮುವಿನ ಮನೆಯಲ್ಲಿ ಸ್ಥಾವರವಾದದ್ದು ಗೋಡೆ ಮತ್ತು ಮಾಳಿಗೆ. ಜಗಲಿಯ ಮೇಲೆ ಬಂದು ಕೂರುವವನು, ಒಳಕೋಣೆಯಲ್ಲಿ ಹುಟ್ಟುವವನು, ಸುಣ್ಣ ಬಳಿಯಲು ಬರುವ ಕುಶಲಕರ್ಮಿ, ಇವರು ಜಂಗಮ. ವರ್ಷದಲ್ಲಿ ಕೆಲವು ವಾರ ಬಂದು ಕಡಲನ್ನು ನೋಡಿ ಬೀಗ ಹಾಕಿ ಹೋಗುವವನು ಗೋಡೆಯನ್ನು ಎಷ್ಟೇ ಅಂದವಾಗಿ ಉಳಿಸಲಿ, ಉಳಿದದ್ದು ಸ್ಥಾವರ ಮಾತ್ರ. ಅದೇ ಪರದೇಶೀಯನು ಊರಿನ ಗಾರೆಯವನಿಗೂ ಬಡಗಿಗೂ ಕೆಲಸ ಕೊಟ್ಟು, ಸಂಜೆ ನೆರೆಯವರು ಎಂದಿನಂತೆ ಬಾಗಿಲ ಮುಂದೆ ಕೂರಲು ಬಿಟ್ಟರೆ, ಅಲ್ಲೇ ಹುಟ್ಟಿ ಜಗಲಿಗೆ ಗೇಟು ಹಾಕಿಸಿದ ವಾರಸುದಾರನಿಗಿಂತ ಅವನೇ ಆ ಮನೆಯ ಒಡೆಯನೆಂದು ನಾನು ಹೇಳುವೆನು.

ನಿಮ್ಮ ಮನೆಯನ್ನು ಮಾರುವ ಪ್ರಸಂಗ ಬಂದಾಗ ಕೊಳ್ಳುವವನು ಎಷ್ಟು ಕೊಡುತ್ತಾನೆಂದು ಖಂಡಿತವಾಗಿ ಕೇಳಿರಿ. ಜಗಲಿಯನ್ನು ಏನು ಮಾಡುತ್ತಾನೆಂದೂ ಕೇಳಿರಿ.