ಹರಳೆಣ್ಣೆಯ ಪ್ಲಾಸ್ಟಿಕ್ ಮತ್ತು ಕಾರ್ಯಕಾರಣದ ಪ್ರಶ್ನೆ

ಗಿಡದಿಂದ ಬಂದ ವಸ್ತು ಗಿಡದ ಗುಣವನ್ನೂ ಹೊತ್ತು ತರುತ್ತದೆಯೇ ಎಂಬ ಸಂದೇಹವನ್ನು ಭಾರತೀಯ ದರ್ಶನಗಳು ಕಾರ್ಯಕಾರಣ ಸಂಬಂಧದ ಚರ್ಚೆಯಲ್ಲಿ ಬಹಳ ಹಿಂದೆಯೇ ಎತ್ತಿಕೊಂಡಿದ್ದವು. ಕಾರ್ಯವು ಹುಟ್ಟುವ ಮೊದಲೇ ಕಾರಣದಲ್ಲಿ ಅವ್ಯಕ್ತವಾಗಿ ಇರುತ್ತದೆ ಎಂದವರು ಸಾಂಖ್ಯರು, ಇದು ಸತ್ಕಾರ್ಯವಾದ. ಎಳ್ಳನ್ನು ಹಿಂಡಿದರೆ ಎಣ್ಣೆ ಬರುತ್ತದೆ, ಮರಳನ್ನು ಎಷ್ಟು ಹಿಂಡಿದರೂ ಬಾರದು ಎಂಬುದು ಆ ಪರಂಪರೆಯ ಪ್ರಸಿದ್ಧ ದೃಷ್ಟಾಂತ. ನ್ಯಾಯ-ವೈಶೇಷಿಕರು ಇದನ್ನು ಒಪ್ಪದೆ, ನೂಲುಗಳು ಕೂಡಿದಾಗ ಉಂಟಾಗುವ ಬಟ್ಟೆಯು ನೂಲಿನಲ್ಲಿ ಮೊದಲು ಇಲ್ಲದಿದ್ದ ಹೊಸ ದ್ರವ್ಯವೆಂದು ವಾದಿಸಿದರು, ಇದು ಅಸತ್ಕಾರ್ಯವಾದ. ಸಸ್ಯತೈಲದಿಂದ ಮಾಡಿದ ಪ್ಲಾಸ್ಟಿಕ್ಕನ್ನು, ಅದರ ಮೂಲವೊಂದನ್ನೇ ನೋಡಿ, ನಿರ್ದೋಷಿಯೆಂದು ಸಾರುವ ಇಂದಿನ ರೂಢಿಯನ್ನು ಪರೀಕ್ಷಿಸಲು ಈ ವಾದಗಳು ನಿಜಕ್ಕೂ ಬೇಕಾಗಿವೆ.

1940ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡು ರಿಲ್ಸಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ನೈಲಾನ್ 11 ಇದಕ್ಕೆ ತಕ್ಕ ನಿದರ್ಶನ. ಅದರ ಮೂಲವಸ್ತು ಹರಳೆಣ್ಣೆ. ಜಗತ್ತಿನ ಹರಳಿನ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ಈ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 90ರಷ್ಟು ರಿಸಿನೋಲಿಕ್ ಆಮ್ಲವೇ ಆಗಿದ್ದು, ಅದು 18 ಇಂಗಾಲದ ಪರಮಾಣುಗಳ ಸರಪಳಿಯಾಗಿದೆ. ಒಂಬತ್ತನೆಯ ಇಂಗಾಲದ ಬಳಿ ಜೋಡಿಬಂಧವೂ ಹನ್ನೆರಡನೆಯದರ ಮೇಲೆ ಹೈಡ್ರಾಕ್ಸಿಲ್ ಗುಂಪೂ ಇರುವುದರಿಂದ, ಎಣ್ಣೆಯನ್ನು ಮೆಥನಾಲಿನೊಡನೆ ವರ್ತಿಸುವಂತೆ ಮಾಡಿ ಬಳಿಕ ತೀವ್ರವಾಗಿ ಕಾಯಿಸಿದರೆ ಆ ಸರಪಳಿ ಗೊತ್ತಾದ ಜಾಗದಲ್ಲೇ ತುಂಡಾಗುತ್ತದೆ. ಏಳು ಇಂಗಾಲದ ತುಂಡಾದ ಹೆಪ್ಟಾಲ್ಡಿಹೈಡ್ ಸುಗಂಧದ್ರವ್ಯಗಳ ತಯಾರಿಕೆಗೆ ಹೋಗುತ್ತದೆ. ಹನ್ನೊಂದು ಇಂಗಾಲದ ತುಂಡು ಮುಂದಿನ ಹಂತಗಳಲ್ಲಿ ಅಮೈನೋ ಆಮ್ಲವಾಗಿ, ಅಂಥ ಅಸಂಖ್ಯ ಅಣುಗಳು ಒಂದರ ಬಾಲಕ್ಕೆ ಮತ್ತೊಂದರ ತಲೆ ಸೇರಿ ಪಾಲಿಮರ್ ಎನಿಸುವ ದೀರ್ಘ ಸರಪಳಿಯಾಗುತ್ತದೆ. ಗಿಡ ಹೆಣೆದ ಹನ್ನೊಂದು ಇಂಗಾಲಗಳ ಸಾಲು ನೈಲಾನಿನಲ್ಲಿ ಹಾಗೆಯೇ ಉಳಿದಿರುವುದನ್ನು ಕಂಡರೆ ಸಾಂಖ್ಯರು ಗೆದ್ದಂತೆ ತೋರುತ್ತದೆ. ಆದರೆ ಮಣ್ಣಿಗೆ ಚೆಲ್ಲಿದ ಹರಳೆಣ್ಣೆಯನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ, ಅದರಿಂದಲೇ ಹುಟ್ಟಿದ ನೈಲಾನ್ 11 ಕೊಳೆಯುವುದಿಲ್ಲ. ಕೊಳೆಯದಿರುವ ಈ ಗುಣ ಎಣ್ಣೆಯಲ್ಲಿ ಇರಲಿಲ್ಲ, ಆದುದರಿಂದ ಹುಟ್ಟಿದ್ದು ಹೊಸ ದ್ರವ್ಯವೇ ಎಂಬ ನೈಯಾಯಿಕರ ಮಾತನ್ನು ತಳ್ಳಿಹಾಕುವುದು ಕಷ್ಟ.

ಮೂಲಕ್ಕೂ ಅಂತ್ಯಕ್ಕೂ ಕಟ್ಟುನಿಟ್ಟಾದ ನಂಟಿಲ್ಲ ಎಂಬುದನ್ನು ಬೇರೆ ಪ್ಲಾಸ್ಟಿಕ್ಕುಗಳೂ ತೋರಿಸುತ್ತವೆ. ಸಸ್ಯತೈಲವನ್ನೇ ಆಹಾರವಾಗಿ ಕೊಟ್ಟಾಗ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಜೀವಕೋಶದೊಳಗೆ ಕೂಡಿಡುವ ಪಾಲಿಹೈಡ್ರಾಕ್ಸಿ ಆಲ್ಕನೋಯೇಟುಗಳು ಮಣ್ಣಿನಲ್ಲಿ ಕೊಳೆಯುತ್ತವೆ. ಸಾಮಾನ್ಯವಾಗಿ ಪೆಟ್ರೋಲಿಯಮ್ಮಿನಿಂದ ತಯಾರಾಗುವ ಪಿಬಿಎಟಿ ಎಂಬ ಪಾಲಿಯೆಸ್ಟರ್ ಕೂಡ ಗೊಬ್ಬರದ ರಾಶಿಯಲ್ಲಿ ಕೊಳೆಯುತ್ತದೆ. ಪೆಟ್ರೋಲಿಯಮ್ ತಾನೂ ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿ ಬಾಳಿದ ಸೂಕ್ಷ್ಮ ಸಸ್ಯ ಮತ್ತು ಜೀವಿಗಳ ಅವಶೇಷವಾಗಿರುವಾಗ, ಜೀವಮೂಲವೆಂಬುದೇ ಶುದ್ಧಿಗೆ ಆಧಾರವಾಗಲಾರದು. ಹರಳೆಣ್ಣೆಯ ನಿಜವಾದ ಹೆಚ್ಚುಗಾರಿಕೆ ಇರುವುದು ಕಾಲದಲ್ಲಿ: ಅದರ ಇಂಗಾಲ ಒಂದೆರಡು ವರ್ಷಗಳ ಹಿಂದೆಯಷ್ಟೇ ಗಾಳಿಯಲ್ಲಿತ್ತು, ಮತ್ತೆ ಬಿತ್ತಿದರೆ ಅಷ್ಟೇ ಬೇಗ ಮರಳಿ ದೊರೆಯುತ್ತದೆ. ಇದು ಸಣ್ಣ ಲಾಭವೇನೂ ಅಲ್ಲ, ಆದರೆ ಇದು ಹುಟ್ಟಿನ ಲೆಕ್ಕ ಮಾತ್ರ.

ಈ ಇಕ್ಕಟ್ಟಿನಲ್ಲಿ ಹೆಚ್ಚು ನೆರವಾಗುವುದು ಜೈನ ದರ್ಶನ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಇರುವ ಪ್ರತಿಯೊಂದರಲ್ಲೂ ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ಸ್ಥಿರತೆ ಎಂಬ ಮೂರೂ ಒಟ್ಟಿಗೇ ಇರುತ್ತವೆ. ಈ ದೃಷ್ಟಿಯಿಂದ ನೋಡಿದರೆ ಸಸ್ಯಮೂಲವೆಂಬ ಹೊಗಳಿಕೆ ಉತ್ಪಾದವೊಂದನ್ನೇ ಹೇಳಿ ವ್ಯಯದ ಬಗ್ಗೆ ಮೌನವಾಗಿರುವ ಅರೆಮಾತು. ವಾಹನದ ಇಂಧನ ಕೊಳವೆಗೆ ನೈಲಾನ್ 11 ಒಪ್ಪುವುದು ಅದು ಬೇಗ ಅಳಿಯದೆ ಇರುವುದರಿಂದಲೇ. ಗಳಿಗೆ ಹೊತ್ತು ಬಳಸಿ ಎಸೆಯುವ ಹೊದಿಕೆಗೆ ಅದೇ ಗುಣ ದೋಷವಾಗುತ್ತದೆ. ಜೈನ ಗೃಹಸ್ಥರು ಬಿಡಬೇಕಾದ ಹದಿನೈದು ವೃತ್ತಿಗಳ ಪಟ್ಟಿಯಲ್ಲಿ ಎಣ್ಣೆಕಾಳನ್ನು ಯಂತ್ರದಿಂದ ಹಿಂಡುವುದನ್ನೂ ಸೇರಿಸಿದ್ದ ಆಚಾರ್ಯರು ವಸ್ತು ಹುಟ್ಟುವ ಹೊತ್ತಿನ ಹಿಂಸೆಯನ್ನು ಅಷ್ಟು ಸೂಕ್ಷ್ಮವಾಗಿ ಎಣಿಸಿದ್ದರು. ಆ ಎಚ್ಚರವನ್ನು ಈಗ ವಸ್ತುವಿನ ಬಳಕೆ ಮುಗಿದ ನಂತರದ ಕಾಲಕ್ಕೂ, ಪ್ಲಾಸ್ಟಿಕ್ಕಿನ ಚೂರುಗಳನ್ನು ನುಂಗುವ ಮೀನು ಮತ್ತು ದನಗಳವರೆಗೂ ವಿಸ್ತರಿಸುವುದು ಅಹಿಂಸೆಯ ತರ್ಕಕ್ಕೆ ಸಹಜವಾದ ಮುಂದಿನ ಹೆಜ್ಜೆ.