ಕಟ್ಟಿದವನ ಪಾಲು

ಮನೆ ಯಾರದು ಎಂದು ಕೇಳಿದರೆ ಉತ್ತರ ಸುಲಭ: ಪತ್ರ ಯಾರ ಹೆಸರಿನಲ್ಲಿದೆಯೋ ಅವರದು. ಕಟ್ಟಿದವನಿಗೆ ಅದರಲ್ಲಿ ಏನು ಉಳಿಯಿತು ಎಂದು ಕೇಳಿದರೆ ಮಾತ್ರ ನಾವು ವಕೀಲರು ಕನ್ನಡಕ ಒರೆಸಿಕೊಳ್ಳತೊಡಗುತ್ತೇವೆ.

ನನ್ನ ವೃತ್ತಿಜೀವನವೆಲ್ಲ ಕಳೆದದ್ದು ಎರಡು ಬಗೆಯ ಮೊಕದ್ದಮೆಗಳಲ್ಲಿ. ಒಂದು, ಕಟ್ಟಡದ ಕರಾರುಗಳದು. ಇನ್ನೊಂದು, ಕೃತಿಸ್ವಾಮ್ಯ, ಪೇಟೆಂಟು, ಟ್ರೇಡ್ ಮಾರ್ಕುಗಳದು. ಅಲ್ಲಿ ಇಟ್ಟಿಗೆ ಗಾರೆ, ಇಲ್ಲಿ ಕೈಗೆ ಸಿಕ್ಕದ ಕಲ್ಪನೆ. ಇವೆರಡಕ್ಕೂ ಏನು ನಂಟು ಎಂದು ಗೆಳೆಯರು ಕೇಳುವುದುಂಟು. ನಂಟು ಇದೆ. ಎರಡರಲ್ಲಿಯೂ ಕಡೆಗೆ ಎದ್ದುನಿಲ್ಲುವ ಪ್ರಶ್ನೆ ಒಂದೇ: ಹಣ ಕೊಟ್ಟ ಮೇಲೆ, ಮಾಡಿದವನ ಪಾಲು ಮುಗಿಯಿತೆ?

ಮುಗಿಯಲಿಲ್ಲ ಎನ್ನುತ್ತದೆ ನಮ್ಮ 1957ರ ಕೃತಿಸ್ವಾಮ್ಯ ಕಾನೂನು. ಹಕ್ಕನ್ನು ಮಾರಿಬಿಟ್ಟರೂ, ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವೂ, ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ಕೆಡಿಸದಂತೆ ತಡೆಯುವ ಅಧಿಕಾರವೂ ಕರ್ತೃವಿಗೆ ಉಳಿಯುತ್ತವೆಂದು ಅದರ 57ನೆಯ ಕಲಂ ಹೇಳುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿ ಅಮರನಾಥ ಸೆಹಗಲ್ಲರ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅದನ್ನು ಕಳಚಿ ಉಗ್ರಾಣಕ್ಕೆ ಹಾಕಿದರು. ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ, ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಕೃತಿಯನ್ನು ನಾಶಮಾಡುವುದೇ ಅದನ್ನು ಕೆಡಿಸುವುದರ ಪರಮಾವಧಿ ಎಂದೂ ಹೇಳಿತು.

ಆದರೆ ಅದೇ ನ್ಯಾಯಾಲಯದಲ್ಲಿ 2019ರಲ್ಲಿ ಮತ್ತೊಂದು ತೀರ್ಪಾಯಿತು. ಪ್ರಗತಿ ಮೈದಾನದಲ್ಲಿ 1972ರಲ್ಲಿ ಎದ್ದ ‘ಹಾಲ್ ಆಫ್ ನೇಷನ್ಸ್’ ಕಟ್ಟಡವನ್ನು 2017ರಲ್ಲಿ ಉರುಳಿಸಿದ್ದರು. ವಾಸ್ತುಶಿಲ್ಪಿ ರಾಜ್ ರೇವಾಲರು ದಾವೆ ಹೂಡಿದರು; ಸೋತರು. ನೆಲದ ಒಡೆಯನು ಕಟ್ಟಡವನ್ನು ಪೂರ್ತಿ ಕೆಡವಬಹುದು. ಕಾಣದೆ ಹೋದ ವಸ್ತುವಿನಿಂದ ಕರ್ತೃವಿನ ಮಾನಕ್ಕೆ ಹಾನಿಯಿಲ್ಲ ಎಂದಾಯಿತು. ಎಂದರೆ, ಕೆಡಿಸಿದರೆ ಕೇಳಬಹುದು, ಕೆಡವಿದರೆ ಕೇಳುವಂತಿಲ್ಲ! ತರ್ಕ ತಪ್ಪೆನ್ನಲಾರೆ. ಆದರೂ ಮನಸ್ಸು ಒಪ್ಪುವುದಿಲ್ಲ.

ಇಷ್ಟಾದರೂ ರೇವಾಲರಿಗೆ ಹೆಸರಿತ್ತು. ಹೆಸರಿಲ್ಲದವನ ಪಾಡೇನು?

ಬಹಳ ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಬ್ಬ ಮನೆಯೊಡೆಯರ ಪರವಾಗಿ ವಾದಿಸಿದೆ. ಎದುರು ಕಕ್ಷಿ ಒಬ್ಬ ವಯಸ್ಸಾದ ಮೇಸ್ತ್ರಿ. ನಕ್ಷೆಯಲ್ಲಿದ್ದ ಮೆಟ್ಟಿಲು ಕಿರಿದಾಯಿತೆಂದು ಮನೆಯವರು ಬಾಯಿಮಾತಿನಲ್ಲಿ ಹೇಳಿ, ಅಗಲವಾದ ಕಲ್ಲಿನ ಮೆಟ್ಟಿಲು ಕಟ್ಟಿಸಿಕೊಂಡಿದ್ದರು. ಬರಹದ ಆಜ್ಞೆಯಿಲ್ಲದ ಹೆಚ್ಚಿನ ಕೆಲಸಕ್ಕೆ ಹಣವಿಲ್ಲ ಎಂದು ಕರಾರಿನಲ್ಲಿತ್ತು. ನಾನು ಆ ಒಂದು ಸಾಲನ್ನು ಹಿಡಿದು ನಿಂತೆ.

1872ರ ಕರಾರು ಕಾನೂನಿನ 70ನೆಯ ಕಲಮನ್ನು ಅವನ ವಕೀಲರು ಎತ್ತಲೇ ಇಲ್ಲ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ಮಾಡಿಕೊಟ್ಟದ್ದರ ಫಲವನ್ನು ಇನ್ನೊಬ್ಬನು ಅನುಭವಿಸಿದರೆ ಪರಿಹಾರ ಕೊಡಬೇಕು ಎಂಬುದು ಅದರ ಸಾರ. ವಿಧಿವತ್ತಾದ ಕರಾರಿಲ್ಲದೆ ಬಂಗಾಳ ಸರ್ಕಾರಕ್ಕೆ ಕಟ್ಟಿಕೊಟ್ಟ ಗುತ್ತಿಗೆದಾರನಿಗೆ ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ಇದೇ ಕಲಮಿನಿಂದ ಹಣ ಕೊಡಿಸಿತ್ತು. ನನಗೆ ಅದು ಗೊತ್ತಿತ್ತು. ಮೇಸ್ತ್ರಿ ಗೆದ್ದೇ ಗೆಲ್ಲುತ್ತಿದ್ದನೆಂದು ಹೇಳಲಾರೆ. ಕರಾರಿರುವಲ್ಲಿ ಆ ಕಲಂ ಸಲ್ಲದೆಂದು ನಾನು ಉತ್ತರ ಕೊಡಬಹುದಿತ್ತು. ಆದರೆ ನ್ಯಾಯಾಧೀಶರ ಮುಂದೆ ಮಾತಾದರೂ ಬರುತ್ತಿತ್ತು. ನಾನು ಸುಮ್ಮನಿದ್ದೆ, ಗೆದ್ದೆ.

ತೀರ್ಪಿನ ದಿನ ಮೇಸ್ತ್ರಿ ಹೊರಗೆ ಕಾದಿದ್ದ. “ಸ್ವಾಮಿ, ಮೆಟ್ಟಿಲು ನಾನು ಕಟ್ಟಿಲ್ಲ ಅಂತ ತೀರ್ಪಾಯಿತಾ?” ಎಂದು ಕೇಳಿದ.

“ಇಲ್ಲ ಮೇಸ್ತ್ರಿ, ಕಟ್ಟಿದ್ದು ನೀವೇ ಅಂತ ಬರೆದಿದ್ದಾರೆ. ಹಣ ಮಾತ್ರ ಬರೋದಿಲ್ಲ” ಎಂದೆ.

“ಹಾಗಾದರೆ ಸರಿ” ಎಂದು ಹೊರಟುಹೋದ. 57ನೆಯ ಕಲಮನ್ನು ಓದದ ಆ ಮನುಷ್ಯ ಕೇಳಿದ್ದು ಅದರ ಮೊದಲ ಹಕ್ಕನ್ನೇ.

ಕಕ್ಷಿಗಾರನಿಗೆ ನಿಷ್ಠೆ ಸಲ್ಲಲೇಬೇಕು. ಎದುರಾಳಿಯ ವಾದವನ್ನು ವಕೀಲನೇ ಕಟ್ಟಿಕೊಡಹೊರಟರೆ ಅವನನ್ನು ನಂಬಿ ಯಾರು ಬಂದಾರು? ಈ ಸಮಾಧಾನವನ್ನು ಬಹುಕಾಲ ಹೇಳಿಕೊಂಡೆ. ಆದರೆ ಫೀಜಿಗಾಗಿ ಆ ಮನೆಗೆ ಹೋದ ದಿನ, ಅದೇ ಮೆಟ್ಟಿಲು ಹತ್ತಿಯೇ ಮಹಡಿಗೆ ಹೋದೆ. ಒಂದು ಕಲ್ಲೂ ಅಲುಗಲಿಲ್ಲ. “ಗೆದ್ದದ್ದಾಯಿತು, ಆ ಮೇಸ್ತ್ರಿಯ ಹಣ ಕೊಟ್ಟುಬಿಡಿ” ಎಂದು ಮನೆಯವರಿಗೆ ಹೇಳಲು ಯಾವ ಕಾನೂನೂ ಅಡ್ಡಬರುತ್ತಿರಲಿಲ್ಲ. ಕಾಫಿ ಕುಡಿದು, ಚೆಕ್ಕು ಜೇಬಿಗಿಟ್ಟುಕೊಂಡು, ಹಾಗೆಯೇ ಇಳಿದು ಬಂದೆ.