ಗೋಡೆಯೊಳಗಿನ ಕೆಲಸ

ಯಾರೂ ನೋಡದ ಕೆಲಸವನ್ನು ಚೆನ್ನಾಗಿ ಯಾಕೆ ಮಾಡಬೇಕು? ಪ್ರಶ್ನೆ ಹಳೆಯದೇ. ಆದರೆ ಪರಊರಲ್ಲಿ ಬದುಕುವವನಿಗೆ ಅದು ಸ್ವಲ್ಪ ಹೆಚ್ಚು ಚುಚ್ಚುತ್ತದೆ. ಸ್ವಂತ ಊರಲ್ಲಾದರೆ 'ಇಂಥವರ ಮಗ ಮಾಡಿದ ಕೆಲಸ ನೋಡಿ' ಅನ್ನಿಸಿಕೊಳ್ಳುವ ಅಂಜಿಕೆಯಾದರೂ ಇರುತ್ತದೆ. ಇಲ್ಲಿ ಯಾರು ಯಾರ ಮಗನೋ! ಇವತ್ತು ಈ ಸೈಟು, ನಾಳೆ ಇನ್ನೊಂದು.

ಚೆನ್ನೈಗೆ ವರ್ಗವಾಗಿ ಬಂದು ಇಲ್ಲೇ ನಿವೃತ್ತನಾದ ನನಗೆ ಬ್ಯಾಂಕಿನಲ್ಲಿದ್ದಷ್ಟು ದಿನ ಈ ಪ್ರಶ್ನೆ ಅಷ್ಟಾಗಿ ಕಾಡಿರಲಿಲ್ಲ. ಅಲ್ಲಿ ಒಬ್ಬ ಬರೆದ ವೋಚರನ್ನು ಇನ್ನೊಬ್ಬ ನೋಡಿ ಸಹಿ ಹಾಕುತ್ತಾನೆ. ಅವನೂ ಬಿಟ್ಟರೆ ಆಡಿಟರು ಹಿಡಿಯುತ್ತಾರೆ. ಪ್ಲಂಬರನ ಕೆಲಸಕ್ಕೆ ಎರಡನೇ ಸಹಿ ಎಂಬುದಿಲ್ಲ. ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಎಲ್ಲರಿಗೂ ಕಾಣುವಂತೆ ಕೆತ್ತಿದ್ದಾರೆ. ಪ್ಲಂಬರನ ಕೆಲಸವೋ, ಸಂಜೆ ಮೇಸ್ತ್ರಿ ಬಂದು ಸಿಮೆಂಟು ಮೆತ್ತಿದರೆ ಗೋಡೆಯೊಳಗೆ ಹೋಯಿತು.

ಈ ಊರಲ್ಲಿ ನೀರಿನ ಬೆಲೆ ಎಲ್ಲರಿಗೂ ಗೊತ್ತು. 2004ರಲ್ಲಿ ವೀರಾಣಂ ಕೆರೆಯಿಂದ ಇನ್ನೂರು ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಕಾವೇರಿ ನೀರು ಇಲ್ಲಿಗೆ ಬಂತು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಹೆಚ್ಚುಕಡಿಮೆ ಬತ್ತಿ, ಜುಲೈಯಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಒಂದು ರೈಲಿಗೆ 25 ಲಕ್ಷ ಲೀಟರು. ಲೆಕ್ಕದವನ ಚಾಳಿ ನೋಡಿ, ನಾನು ಇನ್ನೊಂದು ಲೆಕ್ಕ ಹಾಕುತ್ತೇನೆ. ಸೆಕೆಂಡಿಗೊಂದು ಹನಿ ಸೋರಿದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಅಂತ ಹಿಡಿದರೂ ನಾಲ್ಕು ಲೀಟರು ಮೀರಿತು. ನಾಲ್ಕು ದಿನಕ್ಕೆ ಒಂದು ಕೊಡ.

ಆದರೆ ಸೋರುವುದು ನೀರು ಮಾತ್ರವಲ್ಲ. ಅದೇ 2019ರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಗೆ ಹುಬ್ಬಳ್ಳಿ ಕಡೆಯ ಒಂದು ಸಂಸಾರ ಬಾಡಿಗೆಗೆ ಬಂದಿತ್ತು. ಸ್ವಲ್ಪ ದಿನದಲ್ಲೇ ಕೆಳಗಿನ ಮನೆಯ ಸೂರಿನಲ್ಲಿ ತೇವ ಕಾಣಿಸಿತು. ಆಮೇಲೆ ಗಾರೆಯ ಒಂದು ಹೆಕ್ಕಳ ಮಂಚದ ಮೇಲೇ ಬಿತ್ತು. ಅಲ್ಲಿ ಮಲಗುವ ಮುದುಕಿ ಆಗ ಅಡಿಗೆಮನೆಯಲ್ಲಿದ್ದರು, ಪುಣ್ಯ. "ಲಾರಿ ನೀರಿಗೆ ದುಡ್ಡು ಕೊಡೋದು ನಾವೆಲ್ಲ, ಸುರಿಯೋದು ಅವರು" ಅಂತ ಮೆಟ್ಟಿಲ ಮೇಲೆ ಮಾತು ಶುರುವಾಯಿತು. ಭಾಷೆ ಸರಿಯಾಗಿ ಬಾರದವರು ಜಗಳಕ್ಕೆ ಉತ್ತರ ಏನು ಕೊಟ್ಟಾರು? ಮಕ್ಕಳ ಶಾಲೆ ನಡುವೆಯೇ ಮನೆ ಖಾಲಿ ಮಾಡಿದರು. ಅವರು ಹೋದ ಮೇಲೂ ತೇವ ಆರಲಿಲ್ಲ!

ಕೊನೆಗೆ ಗೋಡೆ ಒಡೆಯಲು ಬಂದವನು ಒಡಿಶಾದ ಹುಡುಗ. ಕೇಂದ್ರಪಾಡ ಜಿಲ್ಲೆಯ ಪಟ್ಟಾಮುಂಡೈ ಕಡೆಯವನು. ನಮ್ಮ ಉಡುಪಿ, ಕುಂದಾಪುರದವರಿಗೆ ಹೋಟೆಲು ಹೇಗೋ, ಆ ಕಡೆಯವರಿಗೆ ಪ್ಲಂಬಿಂಗ್ ಹಾಗೆ. ಊರೂರಿಗೆ ಹೋಗಿ ಅದನ್ನೇ ಮಾಡುತ್ತಾರೆ. ಪಟ್ಟಾಮುಂಡೈಯಲ್ಲಿ ಅದನ್ನು ಕಲಿಸುವ ಸರ್ಕಾರಿ ಸಂಸ್ಥೆಯೇ ಇದೆ. ಹುಡುಗ ಒಂದು ಎಲ್ಬೋವನ್ನು ಬರಿಗೈಯಲ್ಲಿ ಎಳೆದು ತೆಗೆದು ತೋರಿಸಿದ. ಪೈಪುಗಳನ್ನು ಮೊದಲು ಅಳತೆಗೆಂದು ಒಣದಾಗಿ ಸೇರಿಸಿ ನೋಡುತ್ತಾರೆ, ಆಮೇಲೆ ಬಿಚ್ಚಿ ಸೊಲ್ಯೂಷನ್ ಹಚ್ಚಿ ಅಂಟಿಸಬೇಕು. ಆ ಒಂದಕ್ಕೆ ಯಾರೋ ಹಚ್ಚಿರಲೇ ಇಲ್ಲ. ಟ್ಯಾಂಕಿನ ಕಡಿಮೆ ಒತ್ತಡಕ್ಕೆ, ಸುತ್ತಲಿನ ಸಿಮೆಂಟಿನ ಹಿಡಿತಕ್ಕೆ ಅದು ಇಷ್ಟು ವರ್ಷ ಹೇಗೋ ನಿಂತಿತ್ತು. ಹುಬ್ಬಳ್ಳಿಯವರಿಗೆ ನಾನೇ ಫೋನು ಮಾಡಿ ಹೇಳಿದೆ. "ಇರ್ಲಿ ಬಿಡ್ರಿ ಸರ್" ಅಂದರು. ಅದಕ್ಕಿಂತ ಹೆಚ್ಚು ಏನು ಹೇಳಿಯಾರು?

ಹುಡುಗ ಮಾಡಿದ್ದನ್ನು ನಾನು ಕೂತು ನೋಡಿದೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪೈಪು ಕತ್ತರಿಸಿದ ಮೇಲೆ ಬಾಯಿಯ ಚೂರುಗಳನ್ನು ಉಜ್ಜಿ ತೆಗೆದ. ಎರಡೂ ಕಡೆ ಒರೆಸಿ, ಸೊಲ್ಯೂಷನ್ ಹಚ್ಚಿ, ಸ್ವಲ್ಪ ತಿರುಗಿಸಿ ಒತ್ತಿ, ಅದು ಹಿಂದಕ್ಕೆ ಜಾರದಂತೆ ಹಿಡಿದುಕೊಂಡ. ನಲ್ಲಿಯ ಮರೆಗೆ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿಗೇ ಸುತ್ತಿದ. ಬಿಗಿದದ್ದೂ ಅಳತೆಯಾಗಿ. ಸ್ಪ್ಯಾನರು ಕೈಯಲ್ಲಿದೆ ಅಂತ ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ಕು ಸೀಳುತ್ತದೆ. ಅಂಟಿಸಿದ ಪ್ರತಿ ಜಾಯಿಂಟಿನ ಮೇಲೂ ಪೆನ್ಸಿಲಿನಿಂದ ಒಂದು ಗುರುತು ಹಾಕಿದ. ನನಗೆ ನಮ್ಮ ಲೆಡ್ಜರಿನ ಕೆಂಪು ಟಿಕ್ಕು ನೆನಪಾಯಿತು. ಅವನ ಎರಡನೇ ಸಹಿ ಅದೇ, ಅವನದೇ.

ಆಮೇಲೆ ಅವನು ಗೋಡೆ ಮುಚ್ಚಲು ಒಪ್ಪಲಿಲ್ಲ. "ಒಂದು ರಾತ್ರಿ ನೀರು ಕಟ್ಟಿ ಬಿಡಿ ಸಾರ್, ನಾಳೆ ನೋಡೋಣ" ಅಂತ ಅರೆಬರೆ ತಮಿಳಿನಲ್ಲಿ ಹೇಳಿದ. ಮನೆಯ ಮಾಲೀಕರಿಗೆ ಅವಸರ. ನಾಳೆಯ ಕೂಲಿ ಯಾರು ಕೊಡುತ್ತಾರೆ ಅಂತ ಸಣ್ಣ ವಾಗ್ವಾದವೂ ಆಯಿತು.

ನಿಜವಾದ ಪ್ರಶ್ನೆ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಕೆಲಸಗಾರನಿಗೆ ಪ್ರಾಮಾಣಿಕತೆ ಬೋಧಿಸುವುದು ಸುಲಭ. ಪಾಯಿಂಟಿಗಿಷ್ಟು ಎಂದು ಗುತ್ತಿಗೆ ಕೊಟ್ಟು, ಸಂಜೆಯೊಳಗೆ ಮುಗಿಸು ಎಂದು ತಲೆಯ ಮೇಲೆ ನಿಂತು, ಕಾಯುವ ಒಂದು ರಾತ್ರಿಗೆ ಕಾಸು ಕೊಡದೆ, ಆಮೇಲೆ ಸೋರಿದಾಗ 'ಪರಊರಿನ ಹುಡುಗರು, ನಂಬುವ ಹಾಗಿಲ್ಲ' ಅನ್ನುವವರು ನಾವೇ. ಹಾಗೆಂದು ಸೊಲ್ಯೂಷನ್ ಹಚ್ಚದೆ ಹೋದವನಿಗೆ ವಿನಾಯಿತಿ ಇಲ್ಲ. ಅವಸರ ಬೇರೆಯವರದಾದರೂ ಕೈ ಅವನದು. ಅವನ ಕೈಯ ಹೊಣೆ ಅವನಿಗೆ, ನಮ್ಮ ಅವಸರದ ಹೊಣೆ ನಮಗೆ. ಒಂದು ಇನ್ನೊಂದನ್ನು ವಜಾ ಮಾಡುವುದಿಲ್ಲ.

ನಾವು ವಲಸೆ ಬಂದವರು ಯಾರೋ ಕಟ್ಟಿದ ಮನೆಯಲ್ಲಿ, ಯಾರೋ ಹಾಕಿದ ಪೈಪಿನ ನೀರು ಕುಡಿದು ಬದುಕುತ್ತೇವೆ. ಅವರ ಹೆಸರು ನಮಗೆ ಗೊತ್ತಿಲ್ಲ, ನಮ್ಮ ಹೆಸರು ಅವರಿಗೆ ಗೊತ್ತಿಲ್ಲ. ಹಾಗಿದ್ದೂ ಅವರ ಕೈಕೆಲಸದ ಮೇಲೆ ನಮ್ಮ ನೆರೆಹೊರೆಯ ಮಾನವೇ ನಿಂತಿರುತ್ತದೆ. ಈ ಪುಸ್ತಕ ಓದುವವರಲ್ಲಿ ಪ್ಲಂಬರರು ಕಡಿಮೆ, ಮನೆ ಕಟ್ಟಿಸುವವರು ಹೆಚ್ಚು. ಅದಕ್ಕೇ ಇಷ್ಟು ಹೇಳುತ್ತೇನೆ: ಗಾರೆ ಮೆತ್ತುವ ಮುಂಚೆ ಒಂದು ರಾತ್ರಿ ಗೋಡೆ ತೆರೆದೇ ಇರಲಿ. ಆ ದಿನದ ಕೂಲಿಯನ್ನು ನಮ್ಮ ಖಾತೆಗೆ ಬರೆದುಕೊಳ್ಳೋಣ.